ಒಂದೇ ತಂತಿ, ಹನ್ನೆರಡು ನೆಂಟರು

ಆಸ್ಪತ್ರೆಯ ಹಳೆಯ ರೌಟರ್ ಬೆಳಿಗ್ಗೆ ಸುಟ್ಟ ವಾಸನೆ ಬಿಟ್ಟು ಕೈಕೊಟ್ಟಿತು. ಎರವಲು ತಂದ ಸಣ್ಣದೊಂದನ್ನು ಅದರ ಜಾಗದಲ್ಲಿ ಕೂರಿಸಿ, ಹಳೆಯ ಸೆಟ್ಟಿಂಗಿನ ಹಾಳೆ ಬಿಡಿಸಿದ ಕೇಬಲಕ್ಕನಿಗೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತಾಯಿತು. ಕೇಬಲಕ್ಕ ಎಂಬುದು ನರ್ಸುಗಳು ಇಟ್ಟ ಹೆಸರು. ಅವಳು ಅಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಇನ್ನೂ ಮೂರು ವಾರ.

ಗೋಡೆಯಿಂದ ಬರುವುದು ಒಂದೇ ತಂತಿ. ಆ ಒಂದರೊಳಗೇ ವಿಭಾಗಕ್ಕೊಂದರಂತೆ ಹನ್ನೆರಡು ದಾರಿಗಳಿವೆ ಎಂದು ರೌಟರಿಗೆ ಹೇಳಿಕೊಡಬೇಕು. ಲಾಜಿಕಲ್ ಇಂಟರ್‌ಫೇಸ್ ಎಂದರೆ ಇಷ್ಟೇ. ಯಾವುದು ಯಾವ ವಿಭಾಗದ್ದೆಂದು ಪಕ್ಕದಲ್ಲಿ ಬರೆದಿಡುವುದು ವಾಡಿಕೆ. ಇವಳಿಗಿಂತ ಮುಂಚೆ ಇದ್ದ ಹಿರಿಯರು ಬರೆದಿಟ್ಟದ್ದು ಮಾತ್ರ ಅತ್ತೆ, ನಾದಿನಿ, ಭಾಮೈದ, ಚಿಕ್ಕಪ್ಪ, ಷಡ್ಡಕ. ಇದೇನು ರೌಟರೋ, ಮದುವೆ ಮನೆಯೋ?

ಸಣ್ಣ ರೌಟರು ಹನ್ನೆರಡನ್ನೂ ಹೊರಲಾರದೆ ಎರಡು ಸಲ ಮಲಗಿಬಿಟ್ಟಿತ್ತು. ಒಂದನ್ನಾದರೂ ಎಬ್ಬಿಸಬೇಕು, ಅದು ಆಪರೇಷನ್ ಕೋಣೆಯದ್ದೇ ಆಗಬೇಕು. ಅಲ್ಲಿ ರೋಗಿಯನ್ನು ಮೇಜಿನ ಮೇಲೆ ಮಲಗಿಸಿಯಾಗಿದೆ. ಸ್ಕ್ಯಾನ್ ಚಿತ್ರ ಪರದೆಗೆ ಬಾರದೆ ಡಾಕ್ಟರು ಕೈ ಹಚ್ಚುವಂತಿಲ್ಲ. ಒಂದೊಂದನ್ನೇ ಎಬ್ಬಿಸಿ ನೋಡುತ್ತ ಕೂರಲು ಪುರುಸೊತ್ತೆಲ್ಲಿ?

ಹಿರಿಯರ ಮನೆಗೇ ಫೋನ್ ಮಾಡಿದಳು. ಅವರ ಹೆಂಡತಿ ಎತ್ತಿಕೊಂಡು, ಲಕ್ವ ಹೊಡೆದು ಎರಡು ತಿಂಗಳಿಂದ ಅವರಿಗೆ ಮಾತು ಬಿದ್ದುಹೋಗಿದೆ, ಕೇಳಿಸುತ್ತದೆ ಅಷ್ಟೆ, ಪಕ್ಕದಲ್ಲೇ ಕೂತಿದ್ದಾರೆ ಎಂದರು. ಬೇರೆ ದಾರಿ ಕಾಣದೆ ಕೇಬಲಕ್ಕ ಪಟ್ಟಿಯನ್ನು ಆಕೆಗೇ ಓದಿದಳು. ಭಾಮೈದ? ಅದು ನನ್ನ ತಮ್ಮ, ಹೇಳದೆ ಬರುತ್ತಾನೆ, ಹೇಳದೆ ಹೋಗುತ್ತಾನೆ ಎಂದರು. ಹಾಗಾದರೆ ಹೊರಗಿನವರ ವೈಫೈ. ನಾದಿನಿ? ಅದು ನನ್ನ ತಂಗಿ, ಮೂರು ಹೊತ್ತೂ ಮಾತ್ರೆ ನುಂಗುವವಳು. ಅದು ಔಷಧಿ ವಿಭಾಗ. ಅತ್ತೆ?

"ಅದು ನಮ್ಮಮ್ಮ," ಎಂದರು ಆಕೆ. "ಅವರು ಕರೆದಾಗ ಒಂದು ನಿಮಿಷ ತಡವಾದ್ರೆ ಮನೆ ರಣರಂಗ ಅಂತಿದ್ರು ಇವರು."

ಕೇಬಲಕ್ಕ ಅತ್ತೆಯನ್ನು ಎಬ್ಬಿಸಿದಳು. ಸ್ವಲ್ಪ ಹೊತ್ತಿಗೆ ನರ್ಸೊಬ್ಬಳು ಬಾಗಿಲಲ್ಲಿ ಇಣುಕಿ, ಚಿತ್ರ ಬಂತು, ಆಪರೇಷನ್ ಶುರುವಾಯಿತು ಎಂದು ಹೇಳಿ ಓಡಿದಳು. ಕೇಬಲಕ್ಕನಿಗೆ ಹೋದ ಜೀವ ಬಂದಂತಾಯಿತು.

ಫೋನಿನಲ್ಲಿ ಆಕೆ ಇನ್ನೂ ಇದ್ದರು. "ನನ್ನನ್ನ ಎಲ್ಲಿ ಬರ್ದಿದ್ದಾರಮ್ಮ?"

ಹನ್ನೆರಡರಲ್ಲಿ ಇರಲಿಲ್ಲ. ಹುಡುಕಿ ಹುಡುಕಿ ಹಾಳೆಯ ಮೇಲ್ತುದಿಯಲ್ಲಿ ಒಂಟಿ ಸಾಲೊಂದು ಸಿಕ್ಕಿತು: ಮನೆಯವಳು. ಅದು ಯಾವ ವಿಭಾಗದ್ದೂ ಅಲ್ಲ. ಕೇಬಲಕ್ಕ ಆ ಸಾಲನ್ನು ಆಕೆಗೆ ಓದಿ ಹೇಳಿದಳು. ಇದಕ್ಕೆ ತಂತಿಯೇ ಇಲ್ಲ, ಆ ಒಂದು ತಂತಿ ಕಿತ್ತುಹೋಗಿ ಹನ್ನೆರಡೂ ಬಿದ್ದರೂ ಇದೊಂದು ಬೀಳುವುದಿಲ್ಲ, ಹೊರಗಿನವರು ರೌಟರನ್ನು ಗುರುತು ಹಿಡಿಯುವುದೇ ಇದರ ವಿಳಾಸದಿಂದ ಎಂದಳು.

ಆಮೇಲೆ ಆಕೆ ಪಕ್ಕಕ್ಕೆ ತಿರುಗಿ ಗಂಡನಿಗೆ ಹೇಳಿದ್ದು ಕೇಳಿಸಿತು.

"ಬಾಯಿದ್ದಾಗ ಇಷ್ಟು ಹೇಳೋಕೆ ನಿಮಗೇನಾಗಿತ್ತು ರೀ?"