ಮೂವರ ಸುತ್ತು

ನಿಲಂಗಾದಲ್ಲಿ ಕಬಡ್ಡಿಯಂಥ ಹುತುತು ಆಟದ ತಂಡದಲ್ಲಿ ಎರಡು ವರ್ಷ ಆಡಿ ಅಮೋಘಸಿದ್ಧ ಕಲಿತದ್ದೆಂದರೆ ಕೈ ಹಿಂದೆಳೆದುಕೊಳ್ಳುವುದು. ಕುರಿ ಕಾಯುವವನ ಕೈ ಅದು. ಎದುರಾಳಿ ಉಸಿರು ಬಿಗಿಹಿಡಿದು ‘ಹುತುತು’ ಎನ್ನುತ್ತ ಅಂಕಣಕ್ಕೆ ನುಗ್ಗಿದನೋ, ಇವನು ಪಕ್ಕದವನ ಕೈ ಬಿಟ್ಟು ಒಬ್ಬನೇ ಅವನ ಹಿಂಗಾಲಿಗೆ ಹಾರುತ್ತಿದ್ದ. ಹಟ್ಟಿಯಲ್ಲಿ ಕುರಿ ಹಿಡಿದು ಬಂದ ರೂಢಿ. ಕೈಗಳ ಸರಪಳಿ ಕಡಿದಲ್ಲೇ ಎದುರಾಳಿ ನುಸುಳಿ ಗೆರೆ ದಾಟಿಬಿಡುತ್ತಿದ್ದ.

“ಏ, ಅದು ಕುರಿ ಅಲ್ಲೋ, ಮನಷ್ಯಾ! ಉಣ್ಣಿ ಕತ್ತರಸ್ತಿ ಏನು?” ಎಂದು ಆ ತಂಡದ ಹುಲಿ ಕಲ್ಯಾಣಪ್ಪ ನಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಬರಬರುತ್ತ ಅಮೋಘಸಿದ್ಧ ಹಿಡಿಯಲು ಹೋಗುವುದನ್ನೇ ಬಿಟ್ಟ.

ನಿಜಾಮರ ಕಾಲದ ಮಾತಿದು. ಆ ಬೇಸಿಗೆ ಅವನ ಮಂದೆ ಉಮರ್ಗಾಕ್ಕೆ ಬಂತು. ಗೊಬ್ಬರಕ್ಕೆಂದು ಮನ್ಮಥಪ್ಪನ ಹೊಲದಲ್ಲಿ ಕುರಿ ತರುಬಿದರು. ಮನ್ಮಥಪ್ಪ ಊರ ತಂಡದ ಹಿರಿಯ. ಉದಗೀರದಲ್ಲಿ ನಿಲಂಗಾದವರ ಮೇಲೆ ಆಟ ನಿಗದಿಯಾಗಿತ್ತು, ಒಬ್ಬ ಆಳು ಕಡಿಮೆ ಬಿದ್ದಿದ್ದ. ಕರೆದದ್ದಕ್ಕೆ ಅಮೋಘಸಿದ್ಧ ಹೋದ. ಈ ಸಲವೂ ಜನ ನಕ್ಕರೆ ಮತ್ತೆ ಅಂಕಣ ತುಳಿಯುವುದಿಲ್ಲವೆಂದು ಕುಲದೇವರು ಬೀರಪ್ಪನ ಮೇಲೆ ಆಣೆ ಇಟ್ಟುಕೊಂಡೇ ಹೋದ.

ಮೊದಲ ದಿನವೇ ಹಳೆಯ ರೂಢಿ ಮರುಕಳಿಸಿ ಕೈ ಬಿಟ್ಟು ಹಾರಿ ಬಿದ್ದ. ಈಗ ನಗು ಬರುತ್ತದೆಂದು ತಲೆ ತಗ್ಗಿಸಿದ. ಬರಲಿಲ್ಲ. ಎಡಕ್ಕಿದ್ದ ಅಮೃತಪ್ಪ, ಬಲಕ್ಕಿದ್ದ ರೇವಣಪ್ಪ ಅವನ ಕೈ ಹಿಡಿದೆತ್ತಿ ಮೈದಾನ ಸುತ್ತ ಓಡತೊಡಗಿದರು. ಆ ತಂಡದ ಕಟ್ಟಳೆಯೇ ಹಾಗಿತ್ತು: ಒಬ್ಬ ತಪ್ಪಿದರೆ ಎಡಬಲದವರೂ ಕೂಡಿ, ಕೈ ಬಿಡದೆ ಒಂದು ಸುತ್ತು.

ಆ ವಾರ ಮೂವರೂ ಹನ್ನೊಂದು ಸುತ್ತು ಓಡಿದರು.

“ನಿನ್ನ ದಯಾದಿಂದ ನನ್ನ ಹೊಟ್ಟಿ ಕರಗ್ತು ನೋಡಪಾ,” ಎಂದ ರೇವಣಪ್ಪ ಏದುಸಿರು ಬಿಡುತ್ತ. “ಖರೇ ಹೇಳು, ಸೊಕ್ಕಿದ ಟಗರು ಇದ್ರ ಹೆಂಗ ಹಿಡೀತೀರಿ?”

“ಒಬ್ಬಂವ ಮುಂದ ನಿಂತು ಅದರ ಕಣ್ಣ ಕಟ್ಟಿ ಹಾಕ್ತಾನ್ರೀ. ಅದು ಅವನ್ನೇ ನೋಡ್ಕೋತ ನಿಂತಾಗ ಇನ್ನೊಬ್ಬಂವ ಹಿಂಗಾಲ ಹಿಡೀತಾನ.”

ಮನ್ಮಥಪ್ಪ ಇದನ್ನು ಕೇಳಿಸಿಕೊಂಡ. “ಹಂಗಾದ್ರ ನಾಳಿ ನಾವೆಲ್ಲಾ ನಿನ್ನ ಹಟ್ಟಿಗೆ ಬರ್ತೀವಿ. ನೀ ಕಲಿಸು.”

ಹೊಲ ಮನೆ ಉಳ್ಳವರೆಲ್ಲ ಕುರಿಹಟ್ಟಿಯಲ್ಲಿ ಧೋತರ ಮೇಲೆ ಕಟ್ಟಿ ನಿಂತರು. ಟಗರು ರೇವಣಪ್ಪನನ್ನು ಎರಡು ಸಲ ಕೆಡವಿತು. ಅವತ್ತು ಎಲ್ಲರೂ ನಕ್ಕರು, ಅಮೋಘಸಿದ್ಧನೂ.

ಮೂರು ದಿನ ಗಾಡಿ ಹೊಡೆದು ಉದಗೀರ ಮುಟ್ಟಿದರು. ಕೋಟೆಯ ಬದಿಯ ಬಯಲಲ್ಲಿ ಆಟ ಸಮಸಮ ನಿಂತಿತ್ತು. ಕೊನೆಯ ಸರದಿ ನಿಲಂಗಾದವರದು. ಬಂದವನು ಕಲ್ಯಾಣಪ್ಪನೇ.

“ಕುರುಬಾ, ಕೈ ಬಿಡ್ತಿ ಇಲ್ಲೋ?” ಎಂದು ಕೆಣಕಿ, ಉಸಿರೆಳೆದು ಒಳಗೆ ನುಗ್ಗಿದ.

ಅಮೃತಪ್ಪ ಆಗಲೇ ಆಟದಿಂದ ಹೊರಬಿದ್ದಿದ್ದ; ಸರಪಳಿಯ ತುದಿಯಲ್ಲಿ ಉಳಿದ ಅಮೋಘಸಿದ್ಧನ ಬರಿಯ ಎಡಗೈ ಹಿಡಿಯಲು ತುಡಿಯಿತು. ಹಾರಲಿಲ್ಲ. ಬಲಗೈ ರೇವಣಪ್ಪನ ಕೈಯಲ್ಲಿತ್ತು; ಆ ಹಿಡಿತದಲ್ಲಿ ಹನ್ನೊಂದು ಸುತ್ತಿನ ಬೆವರಿತ್ತು. ರೇವಣಪ್ಪ ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದಿಟ್ಟ. ಕಲ್ಯಾಣಪ್ಪನ ಕಣ್ಣು ಅವನ ಮೇಲೆ ನಿಂತಿತು. ಆಗ ಅಮೋಘಸಿದ್ಧ ಬಲಗೈ ಬಿಡದೆಯೇ ಬಾಗಿ, ಎಡಗೈಯಿಂದ ಹಿಂಗಾಲನ್ನೇ ಹಿಡಿದ. ಸರಪಳಿಯೆಲ್ಲ ಕಲ್ಯಾಣಪ್ಪನ ಮೇಲೆ ಸುತ್ತಿಕೊಂಡಿತು. ಗೆರೆ ಒಂದು ಮೊಳ ದೂರವಿರುವಾಗಲೇ ಅವನ ಉಸಿರು ಮುರಿಯಿತು.

ಧೂಳು ಕೊಡವಿಕೊಳ್ಳುತ್ತ ಎದ್ದ ಕಲ್ಯಾಣಪ್ಪ ಕೇಳಿದ, “ಯಾರ ಕಲಿಸಿದ್ರೋ ನಿನಗ ಇದು?”

“ಕಾಲ ಹಿಡಿಯೂದು ನಂದರೀ,” ಎಂದ ಅಮೋಘಸಿದ್ಧ. “ಕೈ ಬಿಡಲಾರದ್ದು ಇವರದು.”

ಜನ ಕೂಗುತ್ತಿದ್ದರು. ಮನ್ಮಥಪ್ಪ ಕಣ್ಣೊರೆಸಿಕೊಂಡು ಮೈದಾನದ ಕಡೆ ಕೈ ಮಾಡಿದ. “ಮೂವರೂ ಒಂದು ಸುತ್ತ ಹೊಡೀರಿ. ಉದಗೀರದವರು ನೋಡಲಿ.”

“ಹಿಡಿದ್ರೂ ಓಡಬೇಕೇನ ಕಾಕಾ?” ಎಂದು ಗೊಣಗುತ್ತಲೇ ರೇವಣಪ್ಪ ಓಡತೊಡಗಿದ. ನಡುವೆ ಅಮೋಘಸಿದ್ಧ, ತಲೆ ಎತ್ತಿ ಓಡುತ್ತಿದ್ದ.