ಮುಂದಕ್ಕೆ ಬಂದ ಹಿಂದಿನ ಟೈರು

ಇಗ್ವೇ ಊರಿನ ಮಾತೆಯ ಹಬ್ಬಕ್ಕೆ ಇನ್ನು ಮೂರೇ ದಿನ! ವಿಯಾ ಮೆಯಾ ಬಡಾವಣೆಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಅದೇ ಮಾತು. ರದಾಮೆಸನ ಮನೆಯಲ್ಲಂತೂ ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಂಟು ತಿಂಗಳ ಹಿಂದೆ ಅವನ ಹೆಂಡತಿ ನೆರೇದಾಳ ಹೆರಿಗೆ ತುಂಬ ಕಷ್ಟವಾದಾಗ ಅವಳ ತಾಯಿ, ರದಾಮೆಸನ ಅತ್ತೆ ದೋನ್ಯಾ ಚೆಪಾ ಹರಕೆ ಹೊತ್ತಿದ್ದರು. ತಾಯಿ ಮಗು ಉಳಿದರೆ ಜನವರಿ ಇಪ್ಪತ್ತೊಂದರ ಹಬ್ಬದಂದು ಕೂಸನ್ನು ತಂದು ನಿನ್ನ ಪಾದಕ್ಕೆ ಹಾಕುತ್ತೇನೆ, ಅಂತ. ಇಬ್ಬರೂ ಉಳಿದರು. ಈಗ ಹರಕೆ ತೀರಿಸುವ ಹೊತ್ತು.

"ಬಸ್ಸು ಗಿಸ್ಸು ಏನೂ ಬೇಡ. ನನ್ನ ಮಗಳು ನನ್ನ ಕಾರಲ್ಲೇ ಹೋಗ್ತಾಳೆ!" ಎಂದು ರದಾಮೆಸ್ ಮೂರು ಬೀದಿಗೆ ಕೇಳುವಂತೆ ಹೇಳಿಕೊಂಡು ತಿರುಗುತ್ತಿದ್ದ.

ಅವನದು ಬಾಡಿಗೆ ಕಾರು. ಒಂದೇ ರಸ್ತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೋಗುತ್ತ ಬರುತ್ತ, ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುವ ಕೊಂಚೊ ಕಾರು. ಹಿಂದೆ ನಾಲ್ವರು, ಮುಂದೆ ಇಬ್ಬರು, ಸ್ಟೀರಿಂಗಿಗೆ ಅಂಟಿಕೊಂಡು ಅವನು. ದೂರದ ಪ್ರಯಾಣವಲ್ಲವೇ ಎಂದು ಎರಡು ದಿನದ ಹಿಂದೆ ಗೆಳೆಯ ಬೆಲಾರ್ಮಿನೊನ ಟೈರ್ ಅಂಗಡಿಯಲ್ಲಿ ನಾಲ್ಕೂ ಟೈರುಗಳನ್ನು ಅದಲುಬದಲು ಮಾಡಿಸಿದ್ದ. ಹಿಂದಿನವು ಮುಂದಕ್ಕೆ, ಮುಂದಿನವು ಹಿಂದಕ್ಕೆ. ಎರಡು ವರ್ಷದಲ್ಲಿ ಅದೇ ಮೊದಲ ಸಲ.

ಸದ್ದು ಶುರುವಾದದ್ದೂ ಅಂದೇ. ಊಂ... ಊಂ... ಊಂ... ವೇಗ ಹೆಚ್ಚಿದಷ್ಟೂ ಸದ್ದು ಹೆಚ್ಚು.

"ಏನಪ್ಪಾ, ಕಾರು ಹತ್ತಿದ್ವಾ, ವಿಮಾನ ಹತ್ತಿದ್ವಾ?" ಎಂದು ಹಿಂದಿನ ಸೀಟಿನವರು ನಕ್ಕರು.

ರದಾಮೆಸನಿಗೆ ಅವಮಾನವಾಯಿತು. ಕೊಂಚೊ ಚಾಲಕರ ಹಳೆಯ ಮದ್ದೊಂದಿದೆ. ಕಾರು ಕೂಗಿದರೆ ಹಾಡು ಜೋರು ಮಾಡುವುದು! ಅವನೂ ಬಚಾತಾ ಹಾಡನ್ನು ಕಿಟಕಿ ಗಾಜು ನಡುಗುವಷ್ಟು ಜೋರು ಮಾಡಿದ. ಮಾರನೆಯ ದಿನ ಎಲ್ಲಿಂದಲೋ ಟಕ್, ಟಕ್ ಎಂದೂ ಕೇಳಿಸಿತು. ಇನ್ನಷ್ಟು ಜೋರು ಮಾಡಿದ.

ಮೂರನೆಯ ದಿನ ಹೆಂಡತಿ, ಮಗು, ಅತ್ತೆಯನ್ನು ಕೂರಿಸಿಕೊಂಡು ಪೇಟೆಗೆ ಹೊರಟ. ಕೂಸು ಬೆಚ್ಚಿಬಿದ್ದು ಅಳತೊಡಗಿತು. ನೆರೇದಾ ಕೈ ಚಾಚಿ ಹಾಡು ನಿಲ್ಲಿಸಿದಳು. ಊಂ... ಎಂಬ ಮೊರೆತ ಕಾರಿನ ತುಂಬ ತುಂಬಿಕೊಂಡಿತು.

"ಇದರಲ್ಲಿ ನನ್ನ ಕೂಸನ್ನ ಅಷ್ಟು ದೂರ ಕರ್ಕೊಂಡು ಹೋಗ್ತೀಯಾ? ಸಾಧ್ಯಾನೇ ಇಲ್ಲ. ನಾವು ಬಸ್ಸಲ್ಲಿ ಹೋಗ್ತೀವಿ."

ಬಸ್ಸು! ರದಾಮೆಸನ ಮೈಯೆಲ್ಲ ಉರಿದುಹೋಯಿತು. ಪೇಟೆಯ ದಾರಿ ಬಿಟ್ಟು ನೇರ ಬೆಲಾರ್ಮಿನೊನ ಅಂಗಡಿಗೆ ಕಾರು ನುಗ್ಗಿಸಿದ.

"ಲೋ ಕಳ್ಳ! ನನ್ನ ಒಳ್ಳೇ ಟೈರುಗಳನ್ನ ಇಟ್ಕೊಂಡು ಯಾವನದೋ ಸವೆದಿದ್ದನ್ನ ಹಾಕಿ ಕಳ್ಸಿದ್ದೀಯಾ!"

ಅಂಗಡಿ ಮುಂದಿನ ಬಾದಾಮಿ ಮರದಡಿ ಡೊಮಿನೊ ಆಡುತ್ತಿದ್ದವರು ಆಟ ಬಿಟ್ಟು ಎದ್ದು ನಿಂತರು. ಬೆಲಾರ್ಮಿನೊ ಮಾತ್ರ ಕೈಯ ಮಸಿ ಒರೆಸಿಕೊಳ್ಳುತ್ತ ನಿಂತ.

"ಬೈದು ಮುಗೀತಾ? ಇನ್ನೂ ಇದ್ರೆ ಬೈದ್ಬಿಡು, ಆಮೇಲೆ ಕೆಲಸ ನೋಡೋಣ."

ಎಲ್ಲರನ್ನೂ ಇಳಿಸಿ, ಮುಂದಿನ ಬಲಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದ. ಟೈರಿನ ಪಕ್ಕದ ಮೈಮೇಲೆ ಉದ್ದನೆಯ ಗೀರೊಂದಿತ್ತು.

"ನೆರೇದಾ, ಇದು ಯಾರ ಟೈರು? ನೀನೇ ಹೇಳು."

ಅವಳು ಬಗ್ಗಿ ನೋಡಿ ನಕ್ಕೇಬಿಟ್ಟಳು. "ಅಯ್ಯೋ, ನಮ್ದೇ! ಹೆರಿಗೆ ದಿನ ಆಸ್ಪತ್ರೆ ಮುಂದಿನ ಕಟ್ಟೆಗೆ ಉಜ್ಜಿದ್ದು. ಒಳಗೆ ನಾನು ಕೂಗ್ತಿದ್ದೆ, ನನಗಿಂತ ಜೋರಾಗಿ ಇವನು ಕೂಗ್ತಿದ್ದ!"

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ," ಎಂದರು ಅತ್ತೆ. ರದಾಮೆಸನಿಗೂ ಗೀರಿನ ಗುರುತು ಸಿಕ್ಕಿತು. ಆದರೂ ಸೋಲೊಪ್ಪಲು ಮನಸ್ಸಿಲ್ಲ.

"ಟೈರು ನಂದೇ ಇರ್ಲಿ. ನೀನು ಮುಟ್ಟೋ ತನಕ ಸದ್ದು ಇರ್ಲಿಲ್ವಲ್ಲ?"

"ನನ್ನ ಮಾತು ನಂಬ್ಬೇಡ. ನಿನ್ನ ಹೆಂಡತಿ ಕೈಯನ್ನಾದ್ರೂ ನಂಬು. ಬಾಮ್ಮಾ, ಟೈರಿನ ಮೇಲೆ ಅಂಗೈ ಆಡಿಸು. ಮೊದಲು ಮುಂದಕ್ಕೆ, ಆಮೇಲೆ ಹಿಂದಕ್ಕೆ."

ನೆರೇದಾ ಹೊಲಿಗೆಯವಳು. ಬಟ್ಟೆಯ ಒಂದು ಎಳೆ ಎದ್ದಿದ್ದರೂ ಅವಳ ಬೆರಳಿಗೆ ಗೊತ್ತಾಗುತ್ತದೆ. ಮಗುವನ್ನು ತಾಯಿಯ ಕೈಗೆ ಕೊಟ್ಟು ಟೈರು ಸವರಿದಳು.

"ಈ ಕಡೆಗೆ ನುಣ್ಣಗಿದೆ. ಈ ಕಡೆಗೆ ಎಳೆದ್ರೆ... ಅಬ್ಬಾ! ಗರಗಸ! ಅಲ್ಲಲ್ಲಿ ತಗ್ಗೂ ಬಿದ್ದಿದೆ. ರದಾಮೆಸ್, ನೀನೂ ಮುಟ್ಟಿ ನೋಡು!"

ಅವನು ಮುಟ್ಟಿದ. ಹೌದು, ಅಂಗೈಗೆ ಚುಚ್ಚಿತು.

"ಈ ಟೈರು ಎರಡು ವರ್ಷ ಹಿಂದೇನೇ ಕೂತು ಏರುಪೇರಾಗಿ ಸವೀತು," ಎಂದ ಬೆಲಾರ್ಮಿನೊ. "ಅಲ್ಲಿದ್ದಾಗ ಸದ್ದು ಕಡಿಮೆ. ಇದ್ದಷ್ಟೂ ಜನರ ಮಾತಲ್ಲಿ, ನಿನ್ನ ಹಾಡಲ್ಲಿ ಮುಳುಗಿಹೋಯ್ತು. ಈಗ ಮುಂದೆ ಬಂದು ನಿನ್ನ ಕಾಲ ಬುಡದಲ್ಲೇ ಉರುಳ್ತಿದೆ. ರಸ್ತೆಗೆ ಬೇರೆ ಥರ ಉಜ್ತಿದೆ. ಅದಕ್ಕೇ ಕೂಗು. ಅದಲುಬದಲು ಮಾಡಿದ್ದರಿಂದ ರೋಗ ಬರ್ಲಿಲ್ಲ ಕಣೋ, ಇದ್ದ ರೋಗ ಹೊರಗೆ ಬಂತು."

"ಹಾಗಾದ್ರೆ ವಾಪಸ್ ಹಿಂದಕ್ಕೇ ಹಾಕಿಬಿಡು! ಸದ್ದು ಹೋಗುತ್ತೆ!"

"ಭೇಷ್ ಅಳಿಯದೇವ್ರೇ!" ಎಂದರು ಅತ್ತೆ. "ಹಲ್ಲು ಹುಳುಕಾದ್ರೆ ಬಾಯಿ ಮುಚ್ಕೊಂಡಿದ್ರೆ ಆಯ್ತು, ಅಲ್ವಾ?"

ಡೊಮಿನೊ ಆಡುತ್ತಿದ್ದವರೆಲ್ಲ ಗೊಳ್ಳೆಂದರು. ಬೆಲಾರ್ಮಿನೊ ಜಾಕ್ ಇಳಿಸಿ ಕಾರಿನ ಹಿಂದೆ ಹೋದ. ಡಿಕ್ಕಿಯ ಮೇಲೆ ಎರಡೂ ಕೈಯಿಟ್ಟು ಬಲವಾಗಿ ಅದುಮಿ ಬಿಟ್ಟ. "ಶಾಕ್ ಅಬ್ಸಾರ್ಬರ್ ಚೆನ್ನಾಗಿದ್ರೆ ಒಂದು ಸಲ ಎದ್ದು ನಿಂತ್ಬಿಡ್ಬೇಕು. ಎಣಿಸಿ."

"ಒಂದು... ಎರಡು... ಮೂರು... ನಾಲ್ಕು! ಅಯ್ಯಪ್ಪಾ, ನನ್ನ ಮದುವೇಲಿ ನಾನೂ ಇಷ್ಟು ಕುಣೀಲಿಲ್ಲ!" ಎಂದು ದೋನ್ಯಾ ಚೆಪಾ ಕೈ ತಟ್ಟಿದರು.

"ದಿನಾ ಏಳು ಜನ ಕೂತ್ರೆ ಶಾಕ್ ಸಾಯದೆ ಏನು ಮಾಡುತ್ತೆ? ಶಾಕ್ ಸತ್ರೆ ಚಕ್ರ ರಸ್ತೆ ಮೇಲೆ ಕುಪ್ಪಳಿಸುತ್ತೆ. ಕುಪ್ಪಳಿಸಿದ ಕಡೆ ತಗ್ಗು ಬೀಳುತ್ತೆ."

ಹಾಗೆನ್ನುತ್ತ ಅವನು ರೂಢಿಯಂತೆ ಒಂದೊಂದೇ ಚಕ್ರದ ನಟ್ಟುಗಳನ್ನು ಪರೀಕ್ಷಿಸುತ್ತ ಬಂದ. ಮುಂದಿನ ಎಡಚಕ್ರದ ಹತ್ತಿರ ಕೈ ನಿಂತಿತು. ಒಂದು ನಟ್ಟು ಸ್ಪ್ಯಾನರ್ ಇಲ್ಲದೆ ಬರೀ ಬೆರಳಲ್ಲೇ ತಿರುಗಿತು. ಪಕ್ಕದ್ದೂ ತಿರುಗಿತು. ಅವನ ಮುಖದ ನಗು ಆರಿಹೋಯಿತು.

"ನೂರು ಕಿಲೋಮೀಟರ್ ಓಡಿಸಿ ಬಾ, ನಟ್ಟು ಇನ್ನೊಂದು ಸಲ ಬಿಗಿ ಮಾಡ್ತೀನಿ ಅಂತ ಎರಡೆರಡು ಸಲ ಹೇಳಿದ್ನಲ್ಲೋ. ಬಂದ್ಯಾ?"

ರದಾಮೆಸನಿಗೆ ಥಟ್ಟನೆ ನೆನಪಾಯಿತು. ಟಕ್, ಟಕ್. ಅದು ಇದೇ! ಅದನ್ನು ಕೇಳಿಸಿಕೊಂಡೇ ಹಾಡು ಜೋರು ಮಾಡಿದ್ದನಲ್ಲ! ಹಬ್ಬದ ದಿನ ಹೆದ್ದಾರಿ. ಲಾರಿಗಳ ನಡುವೆ ಓಟ. ಹಿಂದಿನ ಸೀಟಿನಲ್ಲಿ ಕೂಸು. ಹೋಗುತ್ತ ಹೋಗುತ್ತ ಚಕ್ರ ಕಳಚಿಕೊಂಡಿದ್ದರೆ? ಅವನು ಅಲ್ಲೇ ಒಂದು ಹಳೆಯ ಟೈರಿನ ಮೇಲೆ ಕುಳಿತುಬಿಟ್ಟ.

ಆಮೇಲೆ ಎದ್ದು, ಬೈದಷ್ಟೇ ಜೋರಾಗಿ, ಮರದಡಿಯವರಿಗೆಲ್ಲ ಕೇಳುವಂತೆ ಹೇಳಿದ: "ಬೆಲಾರ್ಮಿನೊ ಕಳ್ಳ ಅಲ್ಲ. ನಾನು ಮೂರ್ಖ. ಎಲ್ರೂ ಕೇಳಿಸ್ಕೊಳ್ಳಿ!"

"ಅದು ನಮಗೆ ಗೊತ್ತಿದ್ದದ್ದೇ," ಎಂದರು ಅತ್ತೆ.

ಅಂದೇ ನಟ್ಟುಗಳೆಲ್ಲ ಬಿಗಿಯಾದವು, ಶಾಕ್ ಬದಲಾದವು. ತೀರ ತಗ್ಗು ಬಿದ್ದಿದ್ದ ಒಂದು ಟೈರು ಹೋಗಿ ಬೇರೆಯದು ಬಂತು. ಟೈರನ್ನು ಕಾಲಲ್ಲಿ ಒದ್ದು ನೋಡಿ ಗಾಳಿಯ ಅಂದಾಜು ಮಾಡಲಿಲ್ಲ. ಕಾರಿನ ಬಾಗಿಲ ಬದಿಯಲ್ಲಿ ಬರೆದಷ್ಟೇ ತುಂಬಿಸಿದರು. ಮರುದಿನ ಚಕ್ರಗಳನ್ನು ನೇರ ಮಾಡುವ ವೀಲ್ ಅಲೈನ್‌ಮೆಂಟೂ ಆಯಿತು. "ಸದ್ದು ಒಂದೇ ದಿನಕ್ಕೆ ಪೂರ್ತಿ ಹೋಗಲ್ಲ," ಎಂದು ಬೆಲಾರ್ಮಿನೊ ಎಚ್ಚರಿಸಿದ. "ಸಣ್ಣ ಸವೆತ ಓಡ್ತಾ ಓಡ್ತಾ ಮಟ್ಟ ಆಗುತ್ತೆ. ಕಡಿಮೆ ಆಗೋ ಬದಲು ಹೆಚ್ಚಾದ್ರೆ ಚಕ್ರದೊಳಗಿನ ಬೇರಿಂಗ್ ನೋಡ್ಬೇಕಾಗುತ್ತೆ, ತಕ್ಷಣ ಬಾ."

"ಬರೋದೇನು, ನೀನೇ ನಮ್ಮ ಜೊತೆ ನಡಿ! ಮುಂದಿನ ಸೀಟು ಖಾಲಿ ಇದೆ," ಎಂದ ರದಾಮೆಸ್.

ಹಬ್ಬದ ದಿನ ಹೊರಟೇಬಿಟ್ಟರು! ಅರ್ಧ ದಾರಿಯಲ್ಲಿ, ಸಾನ್ ಪೆದ್ರೊ ಊರು ದಾಟುವ ಮುಂಚೆ, ರದಾಮೆಸ್ ಕಾರು ಬದಿಗೆ ನಿಲ್ಲಿಸಿ ತಾನೇ ಇಳಿದು ನಾಲ್ಕೂ ಚಕ್ರದ ನಟ್ಟು ನೋಡಿ ಬಂದ. ಇಗ್ವೇಯ ಗುಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕಿತ್ತಳೆ ಹಣ್ಣು, ಹೂವು, ಮೇಣದಬತ್ತಿ, ಹಾಡು. ದೋನ್ಯಾ ಚೆಪಾ ಮೊಮ್ಮಗಳನ್ನು ಎರಡೂ ಕೈಯಲ್ಲಿ ಎತ್ತಿ ಮಾತೆಗೆ ತೋರಿಸಿದರು. ಕೂಸು ಕಿಲಕಿಲ ನಕ್ಕಿತು. ನೆರೇದಾ ಬಿಕ್ಕಿ ಬಿಕ್ಕಿ ಅತ್ತಳು. ಹರಕೆ ತೀರಿಸಲು ಹೊರಟ ದಾರಿಯಲ್ಲೇ ಹರಕೆಯ ಕೂಸನ್ನು ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ರದಾಮೆಸನಿಗೂ ಕಣ್ಣು ತುಂಬಿ ಬಂತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕಾರು ಎಲ್ಲಿಯದಾದರೇನು, ಟೈರು ಸವೆಯುವುದು ಒಂದೇ ರೀತಿ. ಈ ಹಾಳೆ ಮಡಚಿಟ್ಟು ಹೊರಗೆ ಹೋಗಿ, ನಿಂತ ಕಾರಿನ ಟೈರಿನ ಮೇಲೆ ಎರಡೂ ಕಡೆಗೆ ಅಂಗೈ ಆಡಿಸಿ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರು ಅದಲುಬದಲು ಮಾಡಿಸಿ, ಎರಡು ವರ್ಷ ಕಾಯಬೇಡಿ. ಆಮೇಲೆ ಮೊರೆತ ಕೇಳಿಸಿದರೆ ಅಂಗಡಿಯವನನ್ನು ಬೈಯಬೇಡಿ, ಶಾಕ್, ಗಾಳಿ, ಅಲೈನ್‌ಮೆಂಟ್ ತೋರಿಸಿ. ನೂರು ಕಿಲೋಮೀಟರ್ ಆದ ಮೇಲೆ ನಟ್ಟು ಬಿಗಿ ಮಾಡಿಸಲು ಮರೆಯದೆ ಹೋಗಿ. ಟಕ್ ಟಕ್ ಎಂದರೆ ಮಾತ್ರ ಒಂದು ಮಾರು ದೂರವೂ ಓಡಿಸಬೇಡಿ, ಅಲ್ಲೇ ನಿಲ್ಲಿಸಿ. ನಿಮ್ಮ ಹಿಂದಿನ ಸೀಟಿನಲ್ಲೂ ಯಾರದೋ ಕೂಸು ನಿಮ್ಮನ್ನೇ ನಂಬಿ ನಿದ್ದೆ ಮಾಡುತ್ತಿರುತ್ತದೆ.