ಕೊನೆಗೆ ಹಾಕಿದ ಭಾಗ

ಹೆಂಡತಿ ತೀರಿಕೊಂಡ ವರ್ಷ ಗಡಿಯಾರ ರಿಪೇರಿಯವನು ಹದಿನಾಲ್ಕರ ಮಗಳ ಕೈಹಿಡಿದು ಮಾತು ಕೊಟ್ಟಿದ್ದ: "ಇನ್ಮೇಲೆ ನಿನ್ನಿಂದ ಏನನ್ನೂ ಮುಚ್ಚಿಡಲ್ಲ." ತಾಯಿಯ ಕಾಯಿಲೆಯನ್ನು ಕೊನೆಯ ವಾರದವರೆಗೂ ಬರೀ ಸುಸ್ತು ಎಂದು ತೇಲಿಸಿದ್ದವನು ಅವನೇ. ಮಗಳು ಜಗಳವಾಡಿರಲಿಲ್ಲ. ಮೂರು ತಿಂಗಳು ಅವನೊಡನೆ ಮಾತೇ ಆಡಿರಲಿಲ್ಲ.

ಹನ್ನೆರಡು ವರ್ಷ ಆ ಮಾತು ನಡೆದುಕೊಂಡು ಬಂತು. ಈಗ ಮಗಳು ಕಿವಿ ಕೇಳದ ಮಕ್ಕಳು ಓದು ಕಲಿಯುವ ಬಗೆಯ ಮೇಲೆ ಸಂಶೋಧನಾ ಪ್ರಬಂಧ ಬರೆಯುತ್ತಿದ್ದಳು. ಐದು ವರ್ಷದ ದುಡಿಮೆ, ನಾಳೆ ಒಪ್ಪಿಸಬೇಕು. ಅವಳ ಲ್ಯಾಪ್‌ಟಾಪ್ ಮಾತ್ರ ಕೆಸರಿನಲ್ಲಿ ಮಲಗಿದ ಎಮ್ಮೆ. "ಬಟನ್ ಒತ್ತಿ ಸ್ನಾನ ಮುಗಿಸ್ಕೊಂಡು ಬಂದ್ರೂ ಇನ್ನೂ ಕಣ್ಣುಜ್ಜಿಕೊಳ್ತಿರುತ್ತೆ ಕಣಪ್ಪ" ಎನ್ನುತ್ತಿದ್ದಳು. ಅದಕ್ಕೇ ಹನ್ನೊಂದು ದಿನದ ಹಿಂದೆ, ಅವಳನ್ನು ಕೇಳಿಯೇ, ಪಕ್ಕದ ಕಂಪ್ಯೂಟರ್ ಅಂಗಡಿಯಾಕೆಯ ಕೈಲಿ ಎಸ್‌ಎಸ್‌ಡಿ ಎಂಬ ಬೆರಳುದ್ದದ ಒಂದು ವೇಗದ ಡ್ರೈವ್ ಹಾಕಿಸಿದ್ದ. ಹಳೆಯ ದೊಡ್ಡ ಡಿಸ್ಕ್ ಹಾಗೆಯೇ ಇರುತ್ತದೆ. ಪದೇ ಪದೇ ಬೇಕಾಗುವುದನ್ನು ಈ ಚಿಕ್ಕದು ಕೈಗೆಟಕುವಂತೆ ಇಟ್ಟುಕೊಳ್ಳುತ್ತದೆ. ಎಮ್ಮೆ ಕುದುರೆಯಾಯಿತು.

ಇವತ್ತು ಬೆಳಿಗ್ಗೆ ಅದು ಅರ್ಧದಲ್ಲೇ ನಿಂತಿತು. "ಗೈಡ್ ಹತ್ರ ಫಾರಂಗೆ ಸಹಿ ಹಾಕಿಸ್ಕೊಂಡು ಹನ್ನೆರಡಕ್ಕೆ ಬರ್ತೀನಿ. ಅಷ್ಟರಲ್ಲಿ ಏನಾಗಿದೆ ನೋಡಿರು" ಎಂದು ಮಗಳು ಹೋದಳು.

ಗಡಿಯಾರದವರ ಪಾಠ ಒಂದೇ: ನಿಂತರೆ, ಕೊನೆಗೆ ಹಾಕಿದ ಭಾಗವನ್ನು ಮೊದಲು ತೆಗಿ. ಮೂವತ್ತು ವರ್ಷ ಆ ಪಾಠ ಅವನನ್ನು ಕೈಬಿಟ್ಟಿರಲಿಲ್ಲ. ತಳದ ತಿರುಪು ಬಿಚ್ಚಿ ಚಿಕ್ಕ ಡ್ರೈವನ್ನು ಎಬ್ಬಿಸಿ ಪಕ್ಕಕ್ಕಿಟ್ಟ. ಬಟನ್ ಒತ್ತಿದ. ತೆವಳುತ್ತಲೇ ಆದರೂ ಎದ್ದಿತು. ಗೆದ್ದೆ ಅಂದುಕೊಂಡು ಪ್ರಬಂಧ ತೆರೆದ. ಮೂರೇ ಅಧ್ಯಾಯ. ತಿಂಡಿಗೆ ಕೂತಾಗ ಮಗಳು ಐದೂ ಮುಗಿಯಿತು ಎಂದಿದ್ದಳು. ಗೈಡ್ ಬಳಿ ಇದ್ದ ಪ್ರತಿಯೂ ಮೂರರವರೆಗಿನದೇ.

ಅಂಗಡಿಯಾಕೆಗೆ ಫೋನ್ ಮಾಡಿದ.

"ಬರೆದದ್ದನ್ನ ಮೊದಲು ಚಿಕ್ಕದರಲ್ಲಿಟ್ಟು, ಬಿಡುವಾದಾಗ ದೊಡ್ಡದಕ್ಕೆ ಸಾಗಿಸೋ ಥರ ಹಾಕಿದ್ದೆ. ಇನ್ನೂ ಜೋರಾಗಿ ಓಡ್ಲಿ ಅಂದ್ರಲ್ಲ ನೀವೇ" ಎಂದಳು ಆಕೆ. "ಸಾಗಿಸೋದು ಎಲ್ಲೋ ಸಿಕ್ಕಿಹಾಕ್ಕೊಂಡಿದೆ. ತೆಗೆದಮೇಲೆ ಆನ್ ಮಾಡಿದ್ರಾ, ಯಜಮಾನ್ರೇ?"

"ಮಾಡ್ದೆ."



"ಹಾಗಾದ್ರೆ ದೊಡ್ಡದೂ ತನ್ನ ಪಾಡಿಗೆ ಏನೇನೋ ಬರ್ಕೊಂಡಿರುತ್ತೆ. ಈಗ ಚಿಕ್ಕದನ್ನ ವಾಪಸ್ ಹಾಕಿ ಆನ್ ಮಾಡಿದ್ರೆ ಎರಡೂ ಕಲಸಿ ಎರಡೂ ಹೋಗ್ಬಹುದು. ಹಾಕ್ಬೇಡಿ. ಆಫ್ ಮಾಡಿ, ಎರಡನ್ನೂ ಹಾಗೇ ತನ್ನಿ. ಸಂಜೆವರೆಗೂ ಕೂತು ತೆಗೆಯೋಕೆ ನೋಡ್ತೀನಿ."

"ಮಗಳಿಗೆ ಏನಂತ ಹೇಳ್ಲಿ?"

"ಅದನ್ನೂ ನಾನೇ ಹೇಳ್ಕೊಡ್ಬೇಕಾ?"

ಆಫ್ ಮಾಡಿದ. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಅಂಗಡಿಗೆ ಹೊತ್ತೊಯ್ದರೆ ಮಗಳಿಗೆ ಹೇಳಲೇಬೇಕು. ಎರಡೂ ಹೋಗಬಹುದು ಎಂದಳಲ್ಲ ಅಂಗಡಿಯಾಕೆ, ಹೋಗುತ್ತದೆ ಎನ್ನಲಿಲ್ಲವಲ್ಲ. ಹೋಗದೆಯೂ ಇರಬಹುದು. ಮೊದಲಿದ್ದಂತೆ ಕೂರಿಸಿಬಿಟ್ಟರೆ, ಅದೃಷ್ಟ ನೆಟ್ಟಗಿದ್ದರೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈ ಯೋಚನೆ ತಪ್ಪೆಂದು ಗೊತ್ತಿದ್ದೂ ಅವನ ಕೈ ಚಿಕ್ಕ ಡ್ರೈವಿನತ್ತ ಹೋಯಿತು. ಕೂದಲೆಳೆಯಂಥ ಸ್ಪ್ರಿಂಗ್ ಹಿಡಿಯುವ ಬೆರಳುಗಳಲ್ಲೇ ಅದನ್ನು ಮತ್ತೆ ಜಾಗಕ್ಕೆ ಕೂರಿಸಿದ. ತಿರುಪು ಜಾರಿ ನೆಲಕ್ಕೆ ಬಿತ್ತು. ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮೇಜಿನ ಕೆಳಗೆ ತಡಕಾಡಿದ. ಸಿಕ್ಕಿತು. ಬಿಗಿದ. ತಳ ಮುಚ್ಚಿದ. ಬಟನ್ ಒತ್ತುವ ಧೈರ್ಯ ಮಾತ್ರ ಬರಲಿಲ್ಲ. ಬೆರಳು ಅದರ ಮೇಲೆಯೇ ನಿಂತಿತ್ತು. ಮೆಟ್ಟಿಲ ಮೇಲೆ ಮಗಳ ಚಪ್ಪಲಿ ಸದ್ದಾಯಿತು.

"ಸಹಿ ಆಯ್ತು. ಪಾಪ, ಆ ಮನುಷ್ಯ ಫಾರಂ ತಿರುಗಿಸಿಯೂ ನೋಡ್ಲಿಲ್ಲ" ಎಂದು ನಗುತ್ತಾ ಒಳಬಂದವಳು ಅವನನ್ನು ಕಂಡು ನಿಂತಳು. "ಯಾಕಪ್ಪ ಹೀಗೆ ಬೆವೆತಿದೀಯ? ಏನಾದ್ರೂ ಆಯ್ತಾ?"

ಈಗಲೂ ಹೇಳಬಹುದಿತ್ತು. ಎರಡೂ ಡ್ರೈವ್‌ಗಳು ಇನ್ನೂ ಹಾಗೆಯೇ ಇದ್ದವು, ಅಂಗಡಿ ಪಕ್ಕದಲ್ಲೇ ಇತ್ತು. ಆದರೆ ಹನ್ನೆರಡು ವರ್ಷದ ಹಿಂದಿನ ಆ ಮೂರು ತಿಂಗಳ ಮೌನ ನೆನಪಾಯಿತು.

"ಏನಿಲ್ಲಮ್ಮ. ಒಳಗೆ ಧೂಳು ಕೂತಿತ್ತು, ತೆಗೆದೆ."

"ಅಷ್ಟೇನಾ? ನನ್ನ ಜೀವ ಹೋಗಿತ್ತು."

ಅವಳು ಕುರ್ಚಿ ಎಳೆದುಕೊಂಡು ಕೂತು ಬಟನ್ ಒತ್ತಿದಳು. ಲ್ಯಾಪ್‌ಟಾಪಿನ ಮೂಲೆಯ ದೀಪ ಹೊತ್ತಿಕೊಂಡಿತು.

ಕೊಟ್ಟ ಮಾತನ್ನು ಅವನು ಮುರಿದಿದ್ದ.